ಗೃಹಪಾಲಿತ ನಾಯಿಯೂ ಮನೆಯೊಳಗಿನ ಅಪಾಯಗಳೂ

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ರಕ್ಷಿತವಾಗಿರುವ ವೀರಗಲ್ಲೊಂದು ಕನ್ನಡನಾಡಿನ ಶಿಲಾಶಾಸನಗಳ ನಡುವೆ ತನಗೆ ತಾನೇ ಸಾಟಿಯಾದುದು. ಕ್ರಿ.ಶ. 949-50ರ ಸುಮಾರಿನಲ್ಲಿ, ತಕ್ಕೋಲದ ರಣರಂಗದಲ್ಲಿ ಚೋಳ ರಾಜಾದಿತ್ಯನು ಮಡಿದ ತರುವಾಯ, ಗಂಗ ದೊರೆಯಾದ ಇಮ್ಮಡಿ ಬೂತುಗನು ಮಣಲೇರನೆಂಬ ವೀರನ ಪರಾಕ್ರಮಕ್ಕೆ ಮೆಚ್ಚಿ ಬೇಕಾದುದನ್ನು ಬೇಡಿಕೊಳ್ಳೆಂದಾಗ, ಆತನು ಬೇಡಿ ಪಡೆದುದು ಕಾಳಿಯೆಂಬ ಬೇಟೆನಾಯಿಯನ್ನು. ಬೆಳತೂರಿನ ಸಮೀಪದ ಗುಡ್ಡದಲ್ಲಿ ದೊಡ್ಡದೊಂದು ಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಪ್ರಾಣಬಿಟ್ಟ ಆ ನಾಯಿಗೋಸ್ಕರ ಆತಕೂರಿನ ದೇವಾಲಯದೆದುರು ಕಲ್ಲನ್ನು ನಿಲ್ಲಿಸಿ, ಭೂಮಿಯನ್ನು ಬಿಟ್ಟು, ಆ ಕಲ್ಲನ್ನು ಪೂಜಿಸದೆ ಅಲ್ಲಿಯ ಪೂಜಾರಿಯಾದ ಗೊರವನು ಉಣ್ಣಲಾಗದೆಂಬ ಕಟ್ಟಳೆಯನ್ನೂ ವಿಧಿಸಿದರು. ಸಾವಿರ ವರ್ಷಗಳ ಹಿಂದೆಯೇ ನಾಯಿಯೊಂದಕ್ಕೆ ಈ ಬಗೆಯ ಗೌರವವನ್ನು ಸಲ್ಲಿಸಿದ ನಾಡು ನಮ್ಮದು.

ಅಂದಿನ ನಾಯಿಗೆ ಮೃತ್ಯುವು ಕಾಡಿನಲ್ಲಿ, ಕಣ್ಣಿಗೆ ಕಾಣುವ ಶತ್ರುವಿನ ರೂಪದಲ್ಲಿ ಎದುರಾಗುತ್ತಿತ್ತು. ಇಂದು ನಗರದ ಮನೆಗಳಲ್ಲಿ, ಮೂರನೆಯ ಅಂತಸ್ತಿನ ಮಾಳಿಗೆಗಳಲ್ಲಿ, ಸೋಫಾದ ಮೇಲೂ ಮಂಚದ ಕೆಳಗೂ ಮಲಗಿ ಬೆಳೆಯುವ ನಾಯಿಗೆ ಅಪಾಯವೆಂಬುದು ಅಡುಗೆಮನೆಯ ಡಬ್ಬಿಯಲ್ಲಿ, ಔಷಧಗಳ ಪೆಟ್ಟಿಗೆಯಲ್ಲಿ, ದೇವರ ಗೂಡಿನ ಬಟ್ಟಲಲ್ಲಿ, ಹಿತ್ತಲಿನ ಗಿಡದ ಬುಡದಲ್ಲಿ ಸದ್ದಿಲ್ಲದೆ ಕುಳಿತಿರುತ್ತದೆ. ಇನ್ನೂ ಶೋಚನೀಯವಾದ ಸಂಗತಿಯೆಂದರೆ, ಈ ಅಪಾಯಗಳಲ್ಲಿ ಬಹುಪಾಲು ಯಾರ ದ್ವೇಷದಿಂದಲೂ ಬರುವುವಲ್ಲ. ನಮ್ಮ ವಾತ್ಸಲ್ಯದಿಂದಲೂ ಅಜ್ಞಾನದಿಂದಲೂ ಬರತಕ್ಕವು. ಮನೆಯ ಮಗುವಿನಂತೆ ಸಾಕಿದೆವೆಂಬ ಮಾತನ್ನು ಅಕ್ಷರಶಃ ಆಚರಿಸಹೊರಟು, ಮಗುವಿಗೆ ಕೊಟ್ಟುದನ್ನೆಲ್ಲ ನಾಯಿಗೂ ಕೊಡುವುದರಿಂದಲೇ ಎಷ್ಟೋ ನಾಯಿಗಳು ಪಶುವೈದ್ಯರ ಮೇಜಿನ ಮೇಲೆ ಬಂದು ಮಲಗುತ್ತವೆ.

ನಾಯಿಯ ದೇಹವು ಮನುಷ್ಯದೇಹದ ಕಿರಿಯ ಪ್ರತಿಯಲ್ಲ. ನಾವು ತಿಂದುದರಲ್ಲಿರುವ ಅನಪೇಕ್ಷಿತ ದ್ರವ್ಯಗಳನ್ನು ವಿಭಜಿಸಿ ಹೊರಗೆ ಸಾಗಿಸುವ ಕಾರ್ಯ ಮುಖ್ಯವಾಗಿ ಯಕೃತ್ತಿನದು. ಅಲ್ಲಿ ಕೆಲಸಮಾಡುವ ಕಿಣ್ವಗಳು ಪ್ರಾಣಿಯಿಂದ ಪ್ರಾಣಿಗೆ ಭಿನ್ನವಾಗಿರುತ್ತವೆ. ನಮಗೆ ಕೆಲವೇ ಗಂಟೆಗಳಲ್ಲಿ ಜೀರ್ಣವಾಗಿ ಹೋಗುವ ಪದಾರ್ಥವು ನಾಯಿಯ ರಕ್ತದಲ್ಲಿ ದಿನವಿಡೀ ಸುತ್ತುತ್ತಿರಬಹುದು. ನಮ್ಮಲ್ಲಿ ಯಾವ ಪರಿಣಾಮವನ್ನೂ ಮಾಡದ ಸಿಹಿಯೊಂದು ಅದರಲ್ಲಿ ಪ್ರಾಣಾಂತಿಕವಾಗಬಹುದು. ಇದರ ಮೇಲೆ, ಲೋಕವನ್ನು ಮೂಗಿನಿಂದಲೇ ಅರಿಯುವ ಈ ಪ್ರಾಣಿಯು ನಾವು ಮುಚ್ಚಿಟ್ಟೆವೆಂದುಕೊಂಡ ವಸ್ತುವನ್ನೂ ಪತ್ತೆಹಚ್ಚಿ, ರುಚಿಯನ್ನು ಪರೀಕ್ಷಿಸುತ್ತ ಕೂಡದೆ ಸುತ್ತಿದ ಕಾಗದಸಮೇತ ಗಬಗಬನೆ ನುಂಗಿಬಿಡುವ ಸ್ವಭಾವದ್ದು. ಮಾದರಿಯಾಗಿ 10 ಕಿಲೋಗ್ರಾಮಿನ ನಾಯಿಯೊಂದನ್ನು ತೆಗೆದುಕೊಂಡರೆ, ಅದರ ತೂಕವಾದರೋ ನಮ್ಮ ತೂಕದ ಆರನೆಯ ಅಥವಾ ಏಳನೆಯ ಒಂದು ಪಾಲು ಮಾತ್ರ. ಈ ಮೂರು ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಹೇಳತಕ್ಕದ್ದೆಲ್ಲವೂ ಸುಲಭವಾಗಿ ಅರ್ಥವಾದೀತು.

ಎಲ್ಲರ ಬಾಯಲ್ಲಿಯೂ ಇರುವ ಉದಾಹರಣೆ ಚಾಕೊಲೆಟ್ಟಿನದು. ಕೋಕೋ ಬೀಜದಲ್ಲಿ ಥಿಯೋಬ್ರೊಮಿನ್ ಎಂಬ ಉತ್ತೇಜಕ ದ್ರವ್ಯವಿದೆ; ಕಾಫಿಯ ಕೆಫೀನು ಇದರ ಹತ್ತಿರದ ಬಂಧು. ನಾಯಿಯ ದೇಹದಲ್ಲಿ ಇದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು 17 ಗಂಟೆಗಳು ಬೇಕಾಗುತ್ತವೆ. ದೇಹತೂಕದ ಪ್ರತಿ ಕಿಲೋಗ್ರಾಮಿಗೆ 20 ಮಿಲಿಗ್ರಾಂ ಹೊಕ್ಕರೆ ವಾಂತಿ, ಭೇದಿ, ಚಡಪಡಿಕೆಗಳು ತೋರುತ್ತವೆ. 40ರಿಂದ 50 ಮಿಲಿಗ್ರಾಮಿನಲ್ಲಿ ಹೃದಯದ ಬಡಿತ ತಾಳತಪ್ಪುತ್ತದೆ. 60ನ್ನು ಮೀರಿದರೆ ಸೆಳವು ಬರುತ್ತದೆ. ಹಾಲಿನ ಚಾಕೊಲೆಟ್ಟಿನ ಒಂದು ಗ್ರಾಮಿನಲ್ಲಿ ಈ ವಿಷ ಸುಮಾರು 2 ಮಿಲಿಗ್ರಾಂ ಇದ್ದರೆ, ಕಡುಗಪ್ಪು ಚಾಕೊಲೆಟ್ಟಿನಲ್ಲಿ ಅದರ ಎರಡು ಮೂರು ಪಟ್ಟು, ಕೇಕಿಗೆ ಬೆರೆಸುವ ಕೋಕೋ ಪುಡಿಯಲ್ಲಿ ಹತ್ತು ಪಟ್ಟಿನಷ್ಟು ಇರುವುದುಂಟು. ಆದುದರಿಂದ 10 ಕಿಲೋಗ್ರಾಂ ತೂಕದ ನಾಯಿಗೆ ಹಾಲಿನ ಚಾಕೊಲೆಟ್ಟು 100 ಗ್ರಾಂ ಸೇರಿದಾಗ ಆಗುವ ತೊಂದರೆ ಕೋಕೋ ಪುಡಿಯ ಒಂದೆರಡು ಚಮಚದಿಂದಲೇ ಆಗಬಲ್ಲುದು. ಹುಟ್ಟುಹಬ್ಬದ ಕೇಕಿನ ಬಣ್ಣ ಕಪ್ಪಾದಷ್ಟೂ ಅಪಾಯ ಹೆಚ್ಚೆಂದು ತಿಳಿಯಬೇಕು. ಕೊಡಗು ಚಿಕ್ಕಮಗಳೂರುಗಳಲ್ಲಿ ಮಾತ್ರವಲ್ಲದೆ ಎಲ್ಲೆಡೆಯೂ, ಸೋಸಿದ ಕಾಫಿಯ ಚರಟವನ್ನು ಗಿಡದ ಬುಡಕ್ಕೆ ಸುರಿಯುವ ಮನೆಗಳಲ್ಲಿ, ಅದೂ ನಾಯಿಯ ಬಾಯಿಗೆಟುಕದಂತೆ ಮಣ್ಣಿನಡಿ ಸೇರಬೇಕು.

ದ್ರಾಕ್ಷಿಯ ವಿಚಾರ ಇನ್ನೂ ಗಹನವಾದುದು. ಹಸಿಯ ದ್ರಾಕ್ಷಿಯಾಗಲಿ ಒಣದ್ರಾಕ್ಷಿಯಾಗಲಿ ಕೆಲವು ನಾಯಿಗಳಲ್ಲಿ ಒಂದರಿಂದ ಮೂರು ದಿನಗಳೊಳಗೆ ಮೂತ್ರಪಿಂಡಗಳನ್ನು ಕೆಡಿಸಿಬಿಡುತ್ತದೆ. ಒಂದು ನಾಯಿ ಹಿಡಿಯಷ್ಟು ತಿಂದು ಸುಖವಾಗಿದ್ದರೆ ಇನ್ನೊಂದು ನಾಲ್ಕೇ ಕಾಳಿಗೆ ಅಪಾಯಕ್ಕೀಡಾಗಬಹುದಾದುದರಿಂದ ಇಷ್ಟರವರೆಗೆ ನಿರ್ಭಯವೆಂದು ಹೇಳುವ ಪ್ರಮಾಣವೇ ಇದಕ್ಕಿಲ್ಲ. ಬಹುಕಾಲ ಇದರ ಕಾರಣ ರಹಸ್ಯವಾಗಿಯೇ ಉಳಿದಿದ್ದು, 2021-22ರಲ್ಲಿ ಅಮೆರಿಕದ ಪಶುವೈದ್ಯರು ಮುಂದಿಟ್ಟ ವಿವರಣೆಯು ನಮ್ಮ ಗಮನಕ್ಕೆ ವಿಶೇಷವಾಗಿ ಅರ್ಹವಾದುದು. ದ್ರಾಕ್ಷಿಯಿಂದ ಬರುವ ಕ್ರೀಮ್ ಆಫ್ ಟಾರ್ಟರ್ ಎಂಬ ಲವಣವನ್ನು ತಿಂದ ನಾಯಿಗಳಲ್ಲಿಯೂ, ಹುಣಸೆಹಣ್ಣನ್ನು ತಿಂದ ನಾಯಿಗಳಲ್ಲಿಯೂ ಇದೇ ತೆರನಾದ ಮೂತ್ರಪಿಂಡದ ಹಾನಿ ಕಂಡುಬಂದುದರಿಂದ, ಈ ಮೂರರಲ್ಲಿಯೂ ಸಮಾನವಾಗಿರುವ ಟಾರ್ಟಾರಿಕ್ ಆಮ್ಲವೇ ದೋಷಕಾರಿಯೆಂದು ಅವರು ಊಹಿಸಿದರು. ವಿಜಯಪುರದ ಒಣದ್ರಾಕ್ಷಿ ಪಾಯಸಕ್ಕೂ ಲಾಡಿಗೂ ಬೀಳುವ, ವರ್ಷಕ್ಕಾಗುವಷ್ಟು ಹುಣಸೆಯನ್ನು ಉಪ್ಪುಹಾಕಿ ಜಾಡಿಯಲ್ಲಿ ತುಂಬಿಡುವ ನಮ್ಮ ಮನೆಗಳಿಗೆ ಇದು ದೂರದೇಶದ ಸುದ್ದಿಯಲ್ಲ. ಹಬ್ಬದ ದಿನ ನಾಯಿಗೂ ಇರಲೆಂದು ಪಾಯಸದ ಪಾತ್ರೆಯನ್ನು ನೆಕ್ಕಲು ಬಿಡುವವರೂ, ಹುಣಸೆ ಬಿಡಿಸುವ ಮೊರವನ್ನು ಜಗಲಿಯಲ್ಲಿಯೇ ಬಿಟ್ಟು ಒಳಗೆ ಹೋಗುವವರೂ ಇದನ್ನು ನೆನಪಿಡಬೇಕು.

ಈರುಳ್ಳಿಯೂ ಬೆಳ್ಳುಳ್ಳಿಯೂ ನಾಯಿಯ ರಕ್ತದ ಕೆಂಪುಕಣಗಳನ್ನು ಒಡೆದು ರಕ್ತಹೀನತೆಯನ್ನು ಉಂಟುಮಾಡುವ ಗಂಧಕಯುಕ್ತ ದ್ರವ್ಯಗಳುಳ್ಳವು. ಬೇಯಿಸಿದರೂ ಹುರಿದರೂ ಒಣಗಿಸಿ ಪುಡಿಮಾಡಿದರೂ ಈ ಗುಣ ನಾಶವಾಗುವುದಿಲ್ಲ. ದೇಹತೂಕದ ಕಿಲೋಗ್ರಾಮಿಗೆ 15ರಿಂದ 30 ಗ್ರಾಂ ಈರುಳ್ಳಿ ಸಾಕು. ಅಂದರೆ ನಾವು ಮಾದರಿಯಾಗಿ ತೆಗೆದುಕೊಂಡ 10 ಕಿಲೋಗ್ರಾಮಿನ ನಾಯಿಗೆ ದಪ್ಪನೆಯ ಒಂದೆರಡು ಗಡ್ಡೆ. ಒಂದೇ ಸಲಕ್ಕೆ ಇಷ್ಟನ್ನು ಯಾರೂ ಹಾಕಲಾರರು, ನಿಜ. ಆದರೆ ಈರುಳ್ಳಿಹುಳಿ, ಪಲ್ಯ, ಬಿರಿಯಾನಿ, ಮಾಂಸದ ಸಾರುಗಳ ಉಳಿಕೆಯನ್ನು ದಿನವೂ ಅನ್ನಕ್ಕೆ ಕಲಸಿ ಹಾಕುವ ಮನೆಗಳಲ್ಲಿ ಹಾನಿಯು ಮೆಲ್ಲಮೆಲ್ಲನೆ ಶೇಖರವಾಗುತ್ತ ಹೋಗುತ್ತದೆ. ತಿಂದ ದಿನ ಏನೂ ಕಾಣದೆ, ಕೆಲವು ದಿನಗಳ ಮೇಲೆ ನಾಯಿ ಸೊರಗಿ, ಒಸಡು ಬಿಳಿಚಿ, ಮೂತ್ರ ಕಂದುಬಣ್ಣಕ್ಕೆ ತಿರುಗಿದಾಗ, ಅದಕ್ಕೆ ಊಟವೇ ಕಾರಣವೆಂದು ಯಾರಿಗೂ ಹೊಳೆಯುವುದಿಲ್ಲ. ನಾಯಿಯ ಅನ್ನವನ್ನು ಒಗ್ಗರಣೆಗೆ ಮುಂಚೆಯೇ ತೆಗೆದಿಡುವುದು ಕಷ್ಟವೇನಲ್ಲ.

ಈಚಿನ ವರ್ಷಗಳಲ್ಲಿ ಮನೆಗೆ ಬಂದ ಹೊಸ ಶತ್ರು ಜೈಲಿಟಾಲ್. ಸಕ್ಕರೆಯಿಲ್ಲದ ಚೂಯಿಂಗ್ ಗಮ್ಮು, ಕೆಲವು ಟೂತ್‌ಪೇಸ್ಟುಗಳು, ಮಧುಮೇಹಿಗಳಿಗೆಂದು ತಯಾರಾದ ಕೆಲವು ಸಿಹಿತಿಂಡಿಗಳು, ಕಡಲೆಕಾಯಿ ಬೆಣ್ಣೆಯ ಕೆಲವು ಬಗೆಗಳು, ಇವುಗಳಲ್ಲಿ ಬಳಸುವ ಈ ಸಿಹಿಕಾರಕವು ಮನುಷ್ಯನಿಗೆ ನಿರುಪದ್ರವಿ. ನಾಯಿಯ ಮೇದೋಜೀರಕ ಗ್ರಂಥಿಯಾದರೋ ಇದನ್ನು ನಿಜವಾದ ಸಕ್ಕರೆಯೆಂದೇ ಭ್ರಮಿಸಿ ಇನ್ಸುಲಿನ್ನನ್ನು ಧಾರಾಳವಾಗಿ ಸುರಿಸಿಬಿಡುವುದರಿಂದ, ಒಂದು ಗಂಟೆಯೊಳಗಾಗಿಯೇ ರಕ್ತದ ಸಕ್ಕರೆ ಕುಸಿದು ನಾಯಿ ತೂರಾಡಿ ಬೀಳುತ್ತದೆ. ಕಿಲೋಗ್ರಾಮಿಗೆ ಗ್ರಾಮಿನ ಹತ್ತನೆಯ ಒಂದು ಪಾಲು ಸಾಕು. ಅರ್ಧ ಗ್ರಾಂ ಆದರೆ ಯಕೃತ್ತೇ ಕೆಡಬಹುದು. ಸಕ್ಕರೆರಹಿತವೆಂದು ಬರೆದ ಯಾವುದನ್ನೇ ಆಗಲಿ ನಾಯಿಗೆ ಕೊಡುವ ಮೊದಲು ಡಬ್ಬಿಯ ಹಿಂಬದಿಯನ್ನು ಓದುವುದು ಕರ್ತವ್ಯ.

ವಿಷವಲ್ಲದಿದ್ದರೂ ಕೊಲ್ಲಬಲ್ಲ ಆಹಾರಗಳುಂಟು. ವೈಶಾಖ ಜ್ಯೇಷ್ಠಗಳಲ್ಲಿ ಮಾವಿನ ಹಣ್ಣನ್ನು ತಿಂದು ವಾಟೆಯನ್ನು ಅಂಗಳಕ್ಕೆಸೆಯುವುದು ನಮ್ಮಲ್ಲಿ ರೂಢಿ. ಸಿಹಿಯ ವಾಸನೆಗೆ ನಾಯಿ ಅದನ್ನು ಇಡಿಯಾಗಿ ನುಂಗಿತೆಂದರೆ, ಜಠರದಿಂದ ಜಾರಿ ಸಣ್ಣ ಕರುಳಿನಲ್ಲಿ ಸಿಕ್ಕಿಕೊಂಡ ಆ ಗೊರಟೆಯನ್ನು ಶಸ್ತ್ರಚಿಕಿತ್ಸೆಯಿಂದಲೇ ತೆಗೆಯಬೇಕಾಗುತ್ತದೆ. ಬೇಯಿಸಿದ ಕೋಳಿಯ ಎಲುಬು ಸೀಳಿ ಚೂಪಾದ ಚಕ್ಕೆಗಳಾಗಿ ಗಂಟಲನ್ನೂ ಕರುಳನ್ನೂ ಗೀರುತ್ತದೆ. ಹೂಕಟ್ಟುವ ದಾರ, ದಾರ ಪೋಣಿಸಿದ ಸೂಜಿ, ಮಕ್ಕಳ ಕಾಲುಚೀಲ, ಇವುಗಳನ್ನು ನುಂಗುವ ಮರಿಗಳೂ ಇವೆ. ದಾರದ ತುದಿಯೊಂದು ನಾಯಿಯ ಬಾಯಿಂದಾಗಲಿ ಗುದದಿಂದಾಗಲಿ ಹೊರಗೆ ಕಂಡರೆ ಎಂದಿಗೂ ಹಿಡಿದೆಳೆಯಬಾರದು. ಒಳಗೆ ನೆರಿಗೆಗಟ್ಟಿ ಕುಳಿತ ಕರುಳನ್ನು ಅದು ಕೊಯ್ದುಬಿಡುತ್ತದೆ. ಕುರುಕಲು ತಿಂಡಿಯ ಖಾಲಿ ಪೊಟ್ಟಣದೊಳಗೆ ಮೂತಿಯಿಟ್ಟು, ಉಸಿರೆಳೆದಂತೆಲ್ಲ ಪ್ಲಾಸ್ಟಿಕ್ಕು ಮುಖಕ್ಕೆ ಬಿಗಿದುಕೊಂಡು ಉಸಿರುಗಟ್ಟಿದ ನಾಯಿಗಳೂ ಉಂಟು; ಪೊಟ್ಟಣವನ್ನು ಸೀಳಿ ಎಸೆಯುವುದರಿಂದ ಈ ಅಪಾಯ ತಪ್ಪುತ್ತದೆ.

ಅಡುಗೆಮನೆಯಿಂದ ಔಷಧದ ಪೆಟ್ಟಿಗೆಗೆ ಬಂದರೆ, ಅಲ್ಲಿ ಅಪಾಯವು ಎರಡು ದಾರಿಗಳಲ್ಲಿ ಬರುತ್ತದೆ. ಮಾತ್ರೆಗಳ ಹಾಳೆಯನ್ನು ನಾಯಿ ತಾನೇ ಕಚ್ಚಿ ತಿನ್ನುವುದೊಂದು. ಜ್ವರದಿಂದ ನರಳುವ ಅಥವಾ ಕುಂಟುವ ನಾಯಿಯನ್ನು ಕಂಡು ಕನಿಕರಗೊಂಡ ಯಜಮಾನನು ತನ್ನ ಮಾತ್ರೆಯನ್ನೇ ಅರ್ಧಮಾಡಿ ತಿನ್ನಿಸುವುದು ಇನ್ನೊಂದು. ಈ ಎರಡನೆಯದೇ ಹೆಚ್ಚು ದುಃಖಕರವಾದುದು. ಐಬುಪ್ರೊಫೆನ್ನು 400 ಮಿಲಿಗ್ರಾಮಿನ ಒಂದೇ ಮಾತ್ರೆಯಿಂದ 10 ಕಿಲೋಗ್ರಾಮಿನ ನಾಯಿಯ ಜಠರದಲ್ಲಿ ಹುಣ್ಣನ್ನು ಮಾಡಬಲ್ಲುದು. ಪ್ರಮಾಣ ಹೆಚ್ಚಿದರೆ ಮೂತ್ರಪಿಂಡಗಳು ನಿಲ್ಲುತ್ತವೆ. ಡೈಕ್ಲೋಫೆನಾಕ್ ಕೂಡ ಅದೇ ಜಾತಿಯದು. ಪ್ಯಾರಾಸಿಟಮಾಲ್ ಅತಿಯಾದರೆ ನಾಯಿಯ ಯಕೃತ್ತನ್ನು ಸುಡುತ್ತದೆ. ಬೆಕ್ಕಿಗಂತೂ ಒಂದು ಮಾತ್ರೆಯೇ ಮರಣ. ಪಶುವೈದ್ಯರು ಬರೆದುಕೊಡದ ಮಾತ್ರೆಯನ್ನು, ಎಷ್ಟೇ ಸಾಮಾನ್ಯವಾದುದಾಗಿರಲಿ, ಸಾಕುಪ್ರಾಣಿಗೆ ಕೊಡಕೂಡದು.

ಮನೆಯೊಳಗಿನ ವಿಷಗಳಲ್ಲೆಲ್ಲ ಅತಿ ಕ್ರೂರವಾದುದು ಇಲಿಪಾಷಾಣ. ಇದರ ಇತಿಹಾಸವೇ ಇದರ ಕಾರ್ಯವಿಧಾನವನ್ನು ಚೆನ್ನಾಗಿ ತಿಳಿಸುತ್ತದೆ. 1933ರ ಚಳಿಗಾಲದಲ್ಲಿ ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ರೈತನೊಬ್ಬನು, ಬೂಸಲು ಹಿಡಿದ ಸ್ವೀಟ್ ಕ್ಲೋವರ್ ಮೇವನ್ನು ತಿಂದು ರಕ್ತ ಸೋರಿ ಸತ್ತ ತನ್ನ ಹಸುವಿನ ಶವವನ್ನೂ, ಹಾಲಿನ ಕ್ಯಾನಿನಲ್ಲಿ ತುಂಬಿದ, ಹೆಪ್ಪುಗಟ್ಟದೆ ನೀರಿನಂತೆಯೇ ಉಳಿದಿದ್ದ ರಕ್ತವನ್ನೂ ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿದ್ದ ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನವಿಜ್ಞಾನಿಯ ಬಳಿಗೆ ತಂದನು. ವರ್ಷಗಳ ಶೋಧನೆಯಿಂದ ಆ ಮೇವಿನಲ್ಲಿದ್ದ, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ದ್ರವ್ಯವನ್ನು ಲಿಂಕನ ಶಿಷ್ಯರು ಪ್ರತ್ಯೇಕಿಸಿದರು. ಅದೇ ಕುಲದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂದಿತು. ಇಂದು ನಮ್ಮ ಅಂಗಡಿಗಳಲ್ಲಿ ಬಣ್ಣದ ಬಿಲ್ಲೆಗಳ ರೂಪದಲ್ಲಿ ದೊರೆಯುವ ಬ್ರೊಮಾಡಿಯೊಲೋನ್ ಅದರ ಸಂತತಿಯೇ. ಆದರೆ ಅದಕ್ಕಿಂತ ಬಲವುಳ್ಳದ್ದು, ದೇಹದಲ್ಲಿ ವಾರಗಟ್ಟಲೆ ನಿಲ್ಲತಕ್ಕದ್ದು.

ಈ ವಿಷದ ವಂಚನೆಯೆಲ್ಲ ಅದರ ವಿಳಂಬದಲ್ಲಿದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶಗಳನ್ನು ಯಕೃತ್ತು ಕೆ ಜೀವಸತ್ವದ ನೆರವಿನಿಂದ ತಯಾರಿಸುತ್ತದೆ. ವಿಷವು ಆ ನೆರವನ್ನು ಕತ್ತರಿಸಿದರೂ, ಮೊದಲೇ ತಯಾರಾಗಿ ರಕ್ತದಲ್ಲಿದ್ದ ಅಂಶಗಳು ತೀರುವವರೆಗೆ ಯಾವ ಲಕ್ಷಣವೂ ತೋರುವುದಿಲ್ಲ. ಸೋಮವಾರ ಬಿಲ್ಲೆಯನ್ನು ಕಚ್ಚಿದ ನಾಯಿ ಮಂಗಳವಾರ ಬುಧವಾರಗಳಲ್ಲಿ ಎಂದಿನಂತೆ ಆಡಿ ತಿಂದು, ಗುರುವಾರವೋ ಶುಕ್ರವಾರವೋ ಮಂಕಾಗಿ ಮೂಲೆ ಸೇರುತ್ತದೆ. ಉಸಿರು ಭಾರವಾಗುತ್ತದೆ, ಮೂಗಿನಲ್ಲಿ ರಕ್ತ ಜಿನುಗುತ್ತದೆ, ಮಲ ಟಾರಿನಂತೆ ಕಪ್ಪಾಗುತ್ತದೆ. ಬಿಲ್ಲೆಯನ್ನು ತಿಂದುದು ಗೊತ್ತಾದ ಕ್ಷಣವೇ ಕರೆದೊಯ್ದರೆ, ಕೆ-1 ಜೀವಸತ್ವವನ್ನು ಮೂರು ನಾಲ್ಕು ವಾರಗಳವರೆಗೆ ತಪ್ಪದೆ ಕೊಟ್ಟು ಬದುಕಿಸಬಹುದು; ಲಕ್ಷಣ ತೋರಲೆಂದು ಕಾದವರಿಗೆ ಕಾಲವೇ ಉಳಿದಿರುವುದಿಲ್ಲ. ಇನ್ನೊಂದು ಬಗೆಯ ಪಾಷಾಣವಾದ ಜಿಂಕ್ ಫಾಸ್ಫೈಡು ಜಠರದ ಆಮ್ಲದೊಡನೆ ಸೇರಿ ಫಾಸ್ಫೀನ್ ಎಂಬ ವಿಷಾನಿಲವಾಗುತ್ತದೆ. ಇದನ್ನು ತಿಂದ ನಾಯಿಗೆ ಅನ್ನ ಹಾಕಿದರೆ ಆಮ್ಲ ಹೆಚ್ಚಿ ಅನಿಲವೂ ಹೆಚ್ಚುತ್ತದೆ. ನಾಯಿ ವಾಂತಿಮಾಡಿದರೆ ಬೆಳ್ಳುಳ್ಳಿಯನ್ನೋ ಕೊಳೆತ ಮೀನನ್ನೋ ಹೋಲುವ ಆ ಗಾಳಿಯನ್ನು ಸೇವಿಸಿದ ಮನುಷ್ಯರಿಗೂ ಅಪಾಯ. ವಾಹನದಲ್ಲಿ ಕರೆದೊಯ್ಯುವಾಗ ಕಿಟಕಿಗಳನ್ನು ತೆರೆದಿಡಬೇಕೆಂಬುದು ಅದಕ್ಕೋಸ್ಕರ. ಹಳದಿ ರಂಜಕವಿರುವ ಇಲಿಲೇಪವಂತೂ ಮನೆಯಲ್ಲಿರಲೇಬಾರದು. ನಾಯಿಯಿರುವ ಮನೆಗೆ ಇಲಿಬೋನೇ ಯೋಗ್ಯವಾದ ಉಪಾಯ.

ಇವೆಲ್ಲ ವಿಷವೆಂಬ ಹೆಸರನ್ನು ಹೊತ್ತವು. ಪವಿತ್ರವೆಂದೋ ನಿತ್ಯೋಪಯೋಗಿಯೆಂದೋ ನಾವು ಕೈಗೆಟುಕುವಲ್ಲಿ ಇಡುವ ವಸ್ತುಗಳ ಮೇಲೆ ನಮಗೆ ಅನುಮಾನವೇ ಬರುವುದಿಲ್ಲ. ದೇವರ ಮುಂದಿನ ತಟ್ಟೆಯಲ್ಲಿರುವ ಕರ್ಪೂರದ ಬಿಲ್ಲೆಯನ್ನು ಮರಿಯೊಂದು ನುಂಗಿದರೆ ಸೆಳವು ಬರುವುದುಂಟು. ರೇಷ್ಮೆಸೀರೆಗಳ ನಡುವಿನ ನುಸಿಗುಳಿಗೆಯಲ್ಲಿರುವ ನ್ಯಾಫ್ತಲೀನು ರಕ್ತಕಣಗಳನ್ನು ಒಡೆಯುತ್ತದೆ. ಹಳೆಯ ಮನೆಗಳ ಜಗಲಿಯಲ್ಲಿ, ನೆಲದ ಮೇಲೆಯೇ ಇಟ್ಟಿರುವ ತಾಂಬೂಲದ ತಟ್ಟೆಯನ್ನು ನಾಯಿಯ ಕಣ್ಣಿನಿಂದ ಒಮ್ಮೆ ನೋಡಬೇಕು. ಒಂದು ಬದಿಗೆ ಅಡಿಕೆಯ ಹೋಳುಗಳು. ಅದರಲ್ಲಿರುವ ಅರೆಕೊಲಿನ್ ಎಷ್ಟು ಪ್ರಬಲವೆಂದರೆ, ಹಿಂದೆ ನಾಯಿಗಳ ಲಾಡಿಹುಳುವನ್ನು ಉದುರಿಸಲು ಪಶುವೈದ್ಯರು ಅದನ್ನೇ ಅಳೆದು ಕೊಡುತ್ತಿದ್ದರು, ಮತ್ತು ಅಳತೆ ಮೀರಿದರೆ ಭೇದಿಯಿಂದ ನಾಯಿ ಬಳಲಿ ಬೀಳುತ್ತಿತ್ತು. ಪಕ್ಕದಲ್ಲಿ ಹೊಗೆಸೊಪ್ಪು, ಅದರ ನಿಕೋಟಿನ್ನು ಅಲ್ಪಪ್ರಮಾಣದಲ್ಲಿಯೇ ವಾಂತಿ, ನಡುಕ, ಉಸಿರಿನ ಸೋಲನ್ನು ತರತಕ್ಕದ್ದು, ಬೀಡಿ ಸಿಗರೇಟುಗಳ ತುಂಡಿನಲ್ಲಿಯೂ ಇರತಕ್ಕದ್ದು. ನಡುವೆ ಸುಣ್ಣದ ಡಬ್ಬಿ. ಅದು ನಾಲಿಗೆಯನ್ನೂ ಕಣ್ಣನ್ನೂ ಸುಡುವ ಕ್ಷಾರ. ಊಟವಾದ ಮೇಲೆ ಮನೆಯ ಹಿರಿಯರು ಸಂತೋಷದಿಂದ ಸುತ್ತ ಕುಳಿತುಕೊಳ್ಳುವ ಆ ಒಂದು ತಟ್ಟೆಯಲ್ಲಿ ನಾಯಿಗೆ ಮೂರು ಬಗೆಯ ಆಪತ್ತುಗಳಿವೆ.

ನೆಲ ಒರೆಸುವ ಫಿನೈಲು ಅಂಗಾಲಿಗೆ ಅಂಟಿ, ಅಂಗಾಲನ್ನು ನೆಕ್ಕಿಕೊಳ್ಳುವ ನಾಯಿಯ ಹೊಟ್ಟೆಗೆ ಸೇರುತ್ತದೆ. ನೆಲ ಪೂರ್ತಿ ಒಣಗುವವರೆಗೆ ನಾಯಿಯನ್ನು ಹೊರಗಿಡಬೇಕು, ಫಿನೈಲನ್ನು ಹೇಳಿದ ಪ್ರಮಾಣಕ್ಕೆ ತಿಳಿಮಾಡಿಯೇ ಬಳಸಬೇಕು. ಉಣ್ಣೆಗಳ ಕಾಟ ತಾಳಲಾರದೆ ಹೊಲಕ್ಕೆ ಹೊಡೆಯುವ ಕೀಟನಾಶಕವನ್ನೇ ನೀರಿಗೆ ಬೆರೆಸಿ ನಾಯಿಯ ಮೈಗೆ ಹಚ್ಚುವ ಪದ್ಧತಿ ಇನ್ನೂ ಕೆಲವೆಡೆ ಉಳಿದಿರುವುದು ವಿಷಾದಕರ. ಆ ಔಷಧಗಳು ಚರ್ಮದ ಮೂಲಕವೇ ಒಳಹೊಕ್ಕು ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಸ್ನಾಯುಗಳಲ್ಲಿ ಅದುರು ತಂದು ಕೊನೆಗೆ ಉಸಿರನ್ನು ನಿಲ್ಲಿಸುತ್ತವೆ. ಉಣ್ಣೆಗಳಿಗೆಂದೇ ತಯಾರಾದ ಅಮಿಟ್ರಾಜ್ ದ್ರಾವಣವನ್ನು ಸಹ ಅಳತೆಗೆ ಮೀರಿ ಹಚ್ಚಿದರೆ ನಾಯಿ ಮಂಪರಿಗಿಳಿದು ಹೃದಯದ ಬಡಿತ ಕುಗ್ಗುತ್ತದೆ. ಮೈ ಒಣಗುವ ತನಕ ಅದನ್ನು ನೆಕ್ಕಿಕೊಳ್ಳಲು ಬಿಡಬಾರದು.

ಹಿತ್ತಲಿನಲ್ಲಿ ನಾವು ಎಚ್ಚರ ವಹಿಸಬೇಕಾದುದು ಹೂಗಿಡಗಳಿಗಿಂತ ಮೊದಲು ಗೊಬ್ಬರದ ವಿಷಯದಲ್ಲಿ. ಹರಳೆಣ್ಣೆ ತೆಗೆದು ಉಳಿದ ಹರಳಿನ ಹಿಂಡಿಯನ್ನು, ಅನೇಕ ವೇಳೆ ಎಲುಬಿನ ಪುಡಿಯೊಡನೆ ಬೆರೆಸಿ, ಗುಲಾಬಿಯ ಬುಡಕ್ಕೆ ಹಾಕುತ್ತೇವೆ. ಹರಳೆಣ್ಣೆಯಲ್ಲಿ ಇಲ್ಲದ ರೈಸಿನ್ ಎಂಬ ಘೋರವಿಷವು, ಚೆನ್ನಾಗಿ ಕಾಯಿಸಿ ಶುದ್ಧಿಮಾಡದ ಹಿಂಡಿಯಲ್ಲಿ ಉಳಿದಿರುತ್ತದೆ; ಎಲುಬಿನ ವಾಸನೆ ನಾಯಿಯನ್ನು ಅಲ್ಲಿಗೆ ಕರೆಯುತ್ತದೆ. ಕಣಗಿಲೆ, ಹಳದಿ ಕಣಗಿಲೆಗಳ ಎಲೆ, ಹೂ, ಕಾಯಿಗಳೆಲ್ಲವೂ ಹೃದಯಕ್ಕೆ ವಿಷ. ಅಂದಕ್ಕೆಂದು ಕುಂಡದಲ್ಲಿ ಬೆಳೆಸುವ ಸೈಕಸ್ ಗಿಡದ ಬೀಜ ಯಕೃತ್ತಿಗೆ ವಿಷ. ಮನಿ ಪ್ಲಾಂಟು, ಡಿಫೆನ್‌ಬಾಕಿಯಾಗಳು ಬಾಯಿಯನ್ನು ಚುಚ್ಚಿ ಉರಿಸುವುವಾದರೂ ಕೊಲ್ಲುವುದು ವಿರಳ. ಮಳೆಗಾಲದ ರಾತ್ರಿ ಅಂಗಳಕ್ಕೆ ಬರುವ ಗುಳ್ಳೆಮೈಯ ನೆಲಗಪ್ಪೆಯನ್ನು ನಾಯಿ ಕಚ್ಚಿದರೆ ಅದರ ಚರ್ಮದ ವಿಷದಿಂದ ಬಾಯಲ್ಲಿ ನೊರೆ ಕಟ್ಟುತ್ತದೆ. ನಾಯಿಯ ತಲೆಯನ್ನು ಕೆಳಗೆ ಬಾಗಿಸಿ, ನೀರು ಗಂಟಲಿಗಿಳಿಯದಂತೆ, ಒದ್ದೆಬಟ್ಟೆಯಿಂದ ಒಸಡನ್ನೂ ನಾಲಿಗೆಯನ್ನೂ ಒರೆಸಿ ಕೂಡಲೆ ವೈದ್ಯರಲ್ಲಿಗೆ ಹೋಗಬೇಕು.

ತಿನ್ನುವ ಪದಾರ್ಥಗಳಲ್ಲದ ಆಪತ್ತುಗಳಲ್ಲಿ ಮೊದಲನೆಯದು ಬಿಸಿಲು. ನಾಯಿಯ ಸಹಜ ದೇಹೋಷ್ಣ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಮೈಯೆಲ್ಲ ಬೆವರುವ ಸೌಕರ್ಯವಿಲ್ಲದ ಅದು ಏದುಸಿರಿನಿಂದಲೇ ತಾಪವನ್ನು ಹೊರಗೆ ಹಾಕಬೇಕು. 2003ರ ಸುಮಾರಿನ ದೂರವಾಣಿ ಜಾಹೀರಾತಿನಿಂದ ಮನೆಮಾತಾದ ಪಗ್ ಮುಂತಾದ ಚಪ್ಪಟೆಮೂತಿಯ ನಾಯಿಗಳಿಗೆ ಆ ಏದುಸಿರಿಗೂ ಸಾಕಷ್ಟು ದಾರಿಯಿಲ್ಲ. ನೆರಳಿಲ್ಲದ ತಾರಸಿಯ ಮೇಲೆ ಕಟ್ಟಿಹಾಕಿದ, ಅಥವಾ ನಿಲ್ಲಿಸಿದ ಕಾರಿನೊಳಗೆ ಕ್ಷಣಕಾಲವೆಂದು ಬಿಟ್ಟ ನಾಯಿಯ ದೇಹೋಷ್ಣ 41 ಡಿಗ್ರಿ ದಾಟಿದರೆ ಮಿದುಳು, ಕರುಳು, ಮೂತ್ರಪಿಂಡಗಳು ಒಟ್ಟಿಗೇ ಕೆಡತೊಡಗುತ್ತವೆ. ಮೊದಲು ಮೈಮೇಲೆ ನೀರು ಸುರಿದು ಗಾಳಿ ಬೀಸಿ ತಂಪುಮಾಡುವುದು, ಆಮೇಲೆ ಆಸ್ಪತ್ರೆಗೆ ಒಯ್ಯುವುದು, ಇದು ಇಲ್ಲಿ ಕ್ರಮ. ಮರಿಗಳು ವಿದ್ಯುತ್ ತಂತಿಯನ್ನು ಕಚ್ಚದಂತೆ, ಮುಚ್ಚಳ ತೆರೆದ ಸಂಪಿನೊಳಗೆ ಬೀಳದಂತೆ ನೋಡಿಕೊಳ್ಳಬೇಕು. ಕಾಂಪೌಂಡು ಗೋಡೆಯ ಪಕ್ಕದಲ್ಲಿ ಸರಪಳಿಯಿಂದ ಕಟ್ಟಿದ ನಾಯಿ ಗೋಡೆಯಾಚೆ ಹಾರಿ ಕುತ್ತಿಗೆ ಬಿಗಿದು ಸಾಯುವ ಸಂಭವವುಂಟಾದುದರಿಂದ, ಕಟ್ಟಲೇಬೇಕಾದರೆ ಗೋಡೆಯಿಂದ ದೂರ ಕಟ್ಟಬೇಕು. ನಮಗೆ 20,000 ಹರ್ಟ್ಸಿನವರೆಗೆ ಕೇಳಿದರೆ ನಾಯಿಗೆ 45,000ದವರೆಗೆ ಕೇಳುತ್ತದೆ. ದೀಪಾವಳಿಯ ಮೂರು ರಾತ್ರಿಗಳಲ್ಲಿ ಬಾಗಿಲುಕಿಟಕಿಗಳನ್ನು ಮುಚ್ಚಿ, ಒಳಕೋಣೆಯಲ್ಲಿ ಜೊತೆಗಿದ್ದರೆ, ಹೆದರಿ ಓಡಿಹೋಗಿ ದಾರಿತಪ್ಪುವ ನಾಯಿಗಳ ಸಂಖ್ಯೆ ಕಡಿಮೆಯಾದೀತು.

ಇಷ್ಟೆಲ್ಲ ಎಚ್ಚರದ ನಡುವೆಯೂ ಅವಘಡ ಸಂಭವಿಸಿದರೆ ಮಾಡತಕ್ಕದ್ದೇನು? ನಮ್ಮ ಮನೆಗಳಲ್ಲಿ ಉಪ್ಪುನೀರು ಕುಡಿಸಿ ವಾಂತಿಮಾಡಿಸುವುದು, ಹಾಲು ಕುಡಿಸುವುದು, ಹಸಿಮೊಟ್ಟೆ ಹಾಕುವುದು ಪರಂಪರೆಯಿಂದ ಬಂದ ಉಪಚಾರಗಳು. ಇವುಗಳಲ್ಲಿ ಉಪ್ಪು ತಾನೇ ಒಂದು ವಿಷವಾಗಬಲ್ಲುದು. ಅತಿಯಾದ ಸೋಡಿಯಂ ಮಿದುಳಿಗೆ ಆಘಾತ ಮಾಡುತ್ತದೆ. ಸೀಮೆಎಣ್ಣೆಯನ್ನೋ ಶೌಚಾಲಯದ ಆಮ್ಲವನ್ನೋ ಕುಡಿದ ನಾಯಿಗೆ ವಾಂತಿಮಾಡಿಸಿದರೆ ಇಳಿಯುವಾಗ ಸುಟ್ಟ ಗಂಟಲನ್ನು ಏರುವಾಗ ಮತ್ತೊಮ್ಮೆ ಸುಡಿಸಿದಂತಾಗುತ್ತದೆ, ಶ್ವಾಸಕೋಶಕ್ಕೂ ಇಳಿಯಬಹುದು. ವಾಂತಿಮಾಡಿಸುವುದೋ ಬೇಡವೋ ಎಂಬ ನಿರ್ಣಯ ವೈದ್ಯರದೇ ಆಗಬೇಕು. ನಾವು ಮಾಡಬೇಕಾದುದು ಇಷ್ಟು: ಬಾಯಲ್ಲಿ ಉಳಿದುದನ್ನು ತೆಗೆಯುವುದು, ತಿಂದ ವಸ್ತುವಿನ ಪೊಟ್ಟಣವನ್ನಾಗಲಿ ಗಿಡದ ಎಲೆಯನ್ನಾಗಲಿ ಜೊತೆಗೆ ಒಯ್ಯುವುದು, ಎಷ್ಟು ಹೊತ್ತಿಗೆ, ಎಷ್ಟು ತಿಂದಿತು, ನಾಯಿಯ ತೂಕವೆಷ್ಟು ಎಂಬುದನ್ನು ಹೇಳಲು ಸಿದ್ಧವಾಗಿರುವುದು, ಏನನ್ನೂ ಮುಚ್ಚಿಡದಿರುವುದು. ಚಿಕಿತ್ಸೆಯ ಗತಿ ಅನೇಕ ವಿಷಗಳಲ್ಲಿ ಮೊದಲ ಒಂದೆರಡು ಗಂಟೆಗಳಲ್ಲಿಯೇ ನಿಶ್ಚಯವಾಗಿಬಿಡುತ್ತದೆ.

ನಾಯಿಯ ಸ್ಥಿತಿಯನ್ನು ಅಳೆಯುವ ಸುಲಭವಾದ ಪರೀಕ್ಷೆಯೊಂದನ್ನು ಪ್ರತಿಯೊಬ್ಬರೂ ಕಲಿತಿರಬೇಕು. ಮೇಲ್ದುಟಿಯನ್ನೆತ್ತಿ, ಕೋರೆಹಲ್ಲಿನ ಮೇಲಿನ ಒಸಡನ್ನು ಬೆರಳತುದಿಯಿಂದ ಒತ್ತಿ ಬಿಟ್ಟರೆ, ಒತ್ತಿದ ಜಾಗ ಬೆಳ್ಳಗಾಗಿ ಎರಡು ಸೆಕೆಂಡುಗಳೊಳಗೆ ಮತ್ತೆ ಗುಲಾಬಿಯಾಗಬೇಕು. ಬಣ್ಣ ಮರಳಲು ತಡವಾದರೆ, ಅಥವಾ ಒಸಡು ಬಿಳಿಚಿಯೋ ನೀಲಿಯಾಗಿಯೋ ಇಟ್ಟಿಗೆಗೆಂಪಾಗಿಯೋ ಕಂಡರೆ, ಬೆಳಗಾಗಲೆಂದು ಕಾಯುವಂತಿಲ್ಲ. ಆರೋಗ್ಯವಾಗಿರುವಾಗಲೇ ಒಮ್ಮೆ ಒತ್ತಿ ನೋಡಿ ಸಹಜವಾದ ಬಣ್ಣವನ್ನು ತಿಳಿದುಕೊಂಡಿದ್ದರೆ ಆಪತ್ಕಾಲದಲ್ಲಿ ವ್ಯತ್ಯಾಸ ತಟ್ಟನೆ ಗೊತ್ತಾಗುತ್ತದೆ. ಮಾತ್ರವಲ್ಲ, ನಾಯಿಯೂ ಬಾಯಿ ಮುಟ್ಟಿಸಿಕೊಳ್ಳಲು ಅಭ್ಯಾಸವಾಗಿರುತ್ತದೆ. ಬೆಂಗಳೂರಿನ ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗಗಳಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯಗಳಿವೆ. ಪಶುಪಾಲನಾ ಇಲಾಖೆಯ 1962 ಸಂಖ್ಯೆಯ ಸಹಾಯವಾಣಿಯೂ ಇದೆ. ನಿಮ್ಮ ಊರಿನಲ್ಲಿ ರಾತ್ರಿ ಹೊತ್ತಿನಲ್ಲಿ ಯಾವ ವೈದ್ಯರು ದೊರೆಯುತ್ತಾರೆಂಬುದನ್ನು ಹಗಲಿನಲ್ಲಿ, ನಾಯಿ ಕ್ಷೇಮವಾಗಿರುವಾಗಲೇ ವಿಚಾರಿಸಿ ಬರೆದಿಡುವುದು ಉತ್ತಮ.

ನಮ್ಮ ಭಾಷೆಯನ್ನು ಓದಲಾರದ, ಡಬ್ಬಿಯ ಮೇಲಿನ ಎಚ್ಚರಿಕೆಯನ್ನು ಅರಿಯಲಾರದ, ನಾವು ಕೊಟ್ಟುದೆಲ್ಲವೂ ಹಿತವೆಂದೇ ನಂಬಿ ಸ್ವೀಕರಿಸುವ ಪ್ರಾಣಿಯನ್ನು ಮನೆಯೊಳಕ್ಕೆ ಕರೆತಂದವರು ನಾವು. ಆದುದರಿಂದ ವಿವೇಚನೆಯ ಭಾರ ಪೂರ್ತಿಯಾಗಿ ನಮ್ಮದೇ. ನಾಯಿ ಸಾಕಿರುವ ವಾಚಕರಲ್ಲಿ ನನ್ನ ವಿಜ್ಞಾಪನೆ ಇದು: ಇಂದೇ ಇಲಿಪಾಷಾಣವನ್ನು ಮನೆಯಿಂದ ಹೊರಹಾಕಿರಿ, ಔಷಧದ ಪೆಟ್ಟಿಗೆಯನ್ನು ಎತ್ತರದ ಕಪಾಟಿಗೆ ಏರಿಸಿರಿ, ಪಶುವೈದ್ಯರ ದೂರವಾಣಿ ಸಂಖ್ಯೆಯನ್ನು ಬಾಗಿಲ ಹಿಂದೆ ಅಂಟಿಸಿರಿ. ಅರ್ಧ ಗಂಟೆಯೂ ಬೇಡದ ಈ ಮೂರು ಕೆಲಸಗಳು ಎಷ್ಟೋ ನಾಯಿಗಳ ಆಯುಷ್ಯವನ್ನು ಉಳಿಸಬಲ್ಲವು.